ಸಿಂಗಾಪುರದಿಂದ ಎರಡೇ ಗಂಟೆ

ಸತ್ತವರು ಕಂಡರು, ಎಲ್ಲೋ ದೂರದಲ್ಲಿದ್ದವರು ಬಾಗಿಲಲ್ಲಿ ನಿಂತಿದ್ದರು ಅಂತೆಲ್ಲ ಹೇಳುವವರನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ನನ್ನ ಇಸ್ತ್ರಿ ಗಾಡಿಯ ಹತ್ತಿರ ಬಟ್ಟೆ ಕೊಡಲು ಬಂದು ಇಂಥ ಕಥೆ ಶುರು ಮಾಡಿದವರಿಗೆ, "ರಾತ್ರಿ ಉಂಡಿದ್ದು ಅರಗಿಲ್ಲ ನಿಮಗೆ, ಶುಂಠಿ ಕಷಾಯ ಕುಡೀರಿ" ಅಂತ ಮುಖದ ಮೇಲೇ ಹೇಳಿ ಕಳಿಸಿದ್ದೇನೆ. ಈಗ ಅದೇ ಮಾತನ್ನು ನೀವು ನನಗೆ ಹೇಳಬಹುದು. ಹೇಳಿ. ಹೇಳಿದವರು ನೀವೇ ಮೊದಲಲ್ಲ.

ನಾನು ಓದಿದವಳಲ್ಲ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಹಾಗೇ ಕೂಡಿಸಿಕೊಂಡು ಬರೆಯುತ್ತೇನೆ. ಇದನ್ನು ಬರೆಯಲು ಕೂತದ್ದು ಯಾಕೆಂದರೆ, ಬಾಯಲ್ಲಿ ಹೇಳಹೊರಟರೆ ಯಾರೂ ಪೂರ್ತಿ ಕೇಳುವುದಿಲ್ಲ. ಅರ್ಧಕ್ಕೇ ಕೈ ಅಡ್ಡ ಮಾಡಿ, ಫೋನು ತೆಗೆದು, ಒತ್ತಿ, ನನ್ನ ಮೂಗಿನ ಹತ್ತಿರ ಹಿಡಿದು, "ನೋಡಜ್ಜಿ, ಸಿಂಗಾಪುರದಿಂದ ಬೆಂಗಳೂರಿಗೆ ಮೂರು ಸಾವಿರದ ಚಿಲ್ಲರೆ ಕಿಲೋಮೀಟರು. ವಿಮಾನಕ್ಕೆ ನಾಲ್ಕೂವರೆ ಗಂಟೆ ಬೇಕು. ಆಗಲ್ಲ ಅದು" ಅನ್ನುತ್ತಾರೆ. ಆಗುವುದಿಲ್ಲ ಅಂತ ನನಗೂ ಗೊತ್ತು. ಆಗುವ ಹಾಗಿದ್ದಿದ್ದರೆ ನಾನು ಯಾಕೆ ಹೇಳುತ್ತಿದ್ದೆ? ಹಾಲಿನವನು ಹಾಲು ತಂದ ಅಂತ ಯಾರಾದರೂ ಕೂತು ಹೇಳುತ್ತಾರಾ?

ನಮ್ಮ ಮನೆ ಕಗ್ಗದಾಸಪುರದಲ್ಲಿ. ಗಾಡಿ ನಿಲ್ಲಿಸುತ್ತಿದ್ದದ್ದು ಜೀವನ್ ಬಿಮಾ ನಗರದ ಒಂದು ಹೊಂಗೆ ಮರದ ಕೆಳಗೆ. ಗಂಡ ಸತ್ತಾಗ ಮಗಳು ಪವಿತ್ರಾಗೆ ಇನ್ನೂ ಹಾಲುಹಲ್ಲು. ಬೆಳಿಗ್ಗೆ ಕೆಂಡ ಮಾಡಿ, ಇಸ್ತ್ರಿಪೆಟ್ಟಿಗೆ ತುಂಬಿ, ಆಫೀಸಿಗೆ ಹೋಗುವವರ ಅಂಗಿಗಳನ್ನು ಮೊದಲು ಮುಗಿಸಬೇಕಿತ್ತು. ಮಗು ನೋಡಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ. ಆಗ ನಮ್ಮ ಜೊತೆ ಇದ್ದವನು ನನ್ನ ತಮ್ಮ ರಾಜು. ಕೆ.ಆರ್. ಪುರದ ಹತ್ತಿರ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದ. ಕೆಲಸಕ್ಕೆ ಹೋಗುವ ಮುಂಚೆ ಪವಿತ್ರಾಳ ತಲೆ ಬಾಚಿ, ಮೆಟ್ಟಿಲ ಮೇಲೆ ಕೂರಿಸಿ, ಬೂಟು ಹಾಕಿ, ಸೈಕಲ್ಲಿನಲ್ಲಿ ಸ್ಕೂಲಿಗೆ ಬಿಡುತ್ತಿದ್ದ. ಆ ಬೂಟು ಯಾವಾಗಲೂ ಬಿಗಿ. ಬೆಳೆಯುವ ಕಾಲಿಗೆ ವರ್ಷವರ್ಷ ಹೊಸ ಬೂಟು ತರಲು ಆಗುತ್ತಿರಲಿಲ್ಲ. ಅವಳು ಮುಖ ಕಿವುಚಿದರೆ ಇವನು, "ಆಯ್ತಾಯ್ತು, ಆಯ್ತಾಯ್ತು" ಅಂತ ಹಿಮ್ಮಡಿ ಒತ್ತಿ ತೂರಿಸುತ್ತಿದ್ದ.

ಅವನು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಬೇಡಿ, ನನಗೂ ಹೇಳಿಲ್ಲ. ಪವಿತ್ರಾಳ ಪಿಯುಸಿ ಮುಗಿಯುವ ಹೊತ್ತಿಗೆ ಯಾರದೋ ಕೈಕಾಲು ಹಿಡಿದು ಸಿಂಗಾಪುರಕ್ಕೆ ಹೋದ, ಹಡಗು ರಿಪೇರಿ ಮಾಡುವ ಕಡೆ ವೆಲ್ಡಿಂಗ್ ಕೆಲಸಕ್ಕೆ. ನಮ್ಮ ಊರಿನ ಹಳೇ ಏರ್‌ಪೋರ್ಟು ಮನೆಯ ಪಕ್ಕದಲ್ಲೇ ಇದ್ದಷ್ಟು ದಿನ ವಿಮಾನಗಳು ನಮ್ಮ ತಲೆ ಮೇಲೇ ಇಳಿಯುತ್ತಿದ್ದವು, ಪಾತ್ರೆ ಅದುರುತ್ತಿದ್ದವು. ಆಗ ನಮ್ಮವರು ಒಬ್ಬರೂ ವಿಮಾನ ಹತ್ತಲಿಲ್ಲ. ಅದು ದೇವನಹಳ್ಳಿಗೆ ಹೋಗಿ ದೂರವಾದ ಮೇಲೆ ಇವನು ಹತ್ತಿದ.

ಹೋಗುವಾಗ ಒಂದೇ ಮಾತು ಹೇಳಿ ಹೋಗಿದ್ದ. "ಅಕ್ಕಯ್ಯ, ಮಗೂಗೆ ಬೂಟು ಹಾಕ್ದೋನು ನಾನು. ಕಾಲುಂಗುರಾನೂ ನನ್ನ ಕೈಯಲ್ಲೇ ಹಾಕ್ಸು. ನಾನಿಲ್ದೆ ಮದುವೆ ಮಾಡ್ಬೇಡ."

ನಮ್ಮಲ್ಲಿ ಮದುವೆ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ತಾಳಿ ಕಟ್ಟಿ ಧಾರೆಯಾದ ಮೇಲೆ ಅವಳ ಪಾದ ಕಲ್ಲಿನ ಮೇಲಿಡಿಸಿ ಕಾಲುಂಗುರ ತೊಡಿಸುವವನೂ ಅವನೇ. ಅಪ್ಪ ಇಲ್ಲದಿದ್ದರೆ ಚಿಕ್ಕಪ್ಪ ಧಾರೆ ಎರೆಯಬಹುದು. ಸೋದರಮಾವ ಇದ್ದೂ ಬಾರದಿದ್ದರೆ ಮಾತ್ರ ಜನ ಸುಮ್ಮನಿರುವುದಿಲ್ಲ. ಏನೋ ಜಗಳ ಇರಬೇಕು, ಏನೋ ಕೊರತೆ ಇರಬೇಕು ಅಂತ ಊಟದ ಎಲೆ ಮುಂದೆಯೇ ಮಾತು ಶುರು ಮಾಡುತ್ತಾರೆ. ನನಗೆ ಜನರ ಮಾತಿನ ಚಿಂತೆ ಇರಲಿಲ್ಲ. ಅವನಿಗೆ ಕೊಟ್ಟ ಮಾತಿನ ಚಿಂತೆ ಇತ್ತು.

ಮದುವೆ ಗೊತ್ತಾಯಿತು. ಹಲಸೂರಿನಲ್ಲಿ ಛತ್ರ. ಗಂಡಿನ ಮನೆಯವರು ದಾವಣಗೆರೆ ಕಡೆಯವರು, ಗಂಡು ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸ. ಅವರು ಯಾರೂ ರಾಜುವನ್ನು ನೋಡಿರಲಿಲ್ಲ. ರಾಜು ಎರಡು ದಿನ ಮುಂಚೆ ಬರುತ್ತೇನೆ ಅಂದವನು, ಅಲ್ಲಿಯ ಮೇಸ್ತ್ರಿ ರಜ ಕೊಡದೆ ಸತಾಯಿಸಿ, ಕೊನೆಗೆ ಮದುವೆಯ ದಿನ ಬೆಳಿಗ್ಗೆ ಬರುವ ವಿಮಾನಕ್ಕೆ ಟಿಕೆಟು ಮಾಡಿಸಿದ. ಟಿಕೆಟಿನ ಫೋಟೋವನ್ನು ಪವಿತ್ರಾಳ ಫೋನಿಗೆ ಕಳಿಸಿದ್ದ. ನಾನೇ ಕೂಡಿಸಿಕೊಂಡು ಓದಿದೆ. ಅಲ್ಲಿ ಬಿಡುವುದು ಆರೂವರೆ, ಇಲ್ಲಿ ಇಳಿಯುವುದು ಎಂಟೂವರೆ. ಎರಡು ಗಂಟೆ ದಾರಿ. ತುಮಕೂರಿಗೆ ಹೋಗುವಷ್ಟು ಹೊತ್ತು, ಅಷ್ಟೇ ತಾನೇ, ಇದಕ್ಕೆ ಇಷ್ಟು ವರ್ಷ ಬರಲಿಲ್ಲವಲ್ಲ ಅಂತ ಬೈದುಕೊಂಡೆ ಕೂಡ. ಮುಹೂರ್ತ ಹತ್ತರಿಂದ ಹನ್ನೊಂದರ ಒಳಗೆ. ದೇವನಹಳ್ಳಿಯಿಂದ ಹಲಸೂರಿಗೆ ಬೆಳಿಗ್ಗೆ ಬರಲು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಸರಿಹೋಗುತ್ತದೆ ಅಂದುಕೊಂಡೆ.

ಮದುವೆಯ ದಿನ ಬೆಳಿಗ್ಗೆ ಏಳರ ಸುಮಾರಿಗೆ, ಮಗಳ ತಲೆಗೆ ಹೂ ಮುಡಿಸುತ್ತಿದ್ದಾಗ, ಫೋನು ಬಂತು. ರಾಜು. "ಅಕ್ಕಯ್ಯ, ವಿಮಾನದಲ್ಲಿ ಕೂರಿಸಿ ಮೂರು ಗಂಟೆ ಆಯ್ತು, ಏನೋ ಕೆಟ್ಟಿದೆಯಂತೆ, ಬಿಟ್ಟಿರಲಿಲ್ಲ. ಈಗ ಬಾಗಿಲು ಹಾಕ್ತಾ ಇದಾರೆ. ಹೊರಟ್ವಿ. ಫೋನ್ ಆಫ್ ಮಾಡು ಅಂತಿದಾರೆ." ಅಷ್ಟೇ. ಕಟ್ಟಾಯಿತು.

ನಾನು ಅಲ್ಲೇ ಲೆಕ್ಕ ಹಾಕಿದೆ. ಏಳಕ್ಕೆ ಬಿಟ್ಟರೆ ಒಂಬತ್ತಕ್ಕೆ ಇಳಿಯುತ್ತಾನೆ. ಹತ್ತಕ್ಕೆ, ಹತ್ತೂಕಾಲಕ್ಕೆ ಇಲ್ಲಿ. ಹೋಗಿ ಪುರೋಹಿತರಿಗೆ ಹೇಳಿದೆ, ಬೀಗಿತ್ತಿಗೆ ಹೇಳಿದೆ, ಅಡಿಗೆಯವರಿಗೂ ಹೇಳಿದೆ. ಸೋದರಮಾವ ಹತ್ತು ಗಂಟೆಗೆ ಸರಿಯಾಗಿ ಇರುತ್ತಾನೆ, ಸಿಂಗಾಪುರದಿಂದ ಎರಡೇ ಗಂಟೆ. ಯಾರೂ ಇಲ್ಲ ಅನ್ನಲಿಲ್ಲ. ಒಬ್ಬರಾದರೂ ಅವತ್ತೇ ತಡೆದು ಹೇಳಬಹುದಿತ್ತು. ಈಗ ಫೋನು ಹಿಡಿದು ಬುದ್ಧಿ ಹೇಳುವವರೆಲ್ಲ ಅವತ್ತು ಇಡ್ಲಿ ತಿನ್ನುತ್ತಿದ್ದರು.

ಹತ್ತಕ್ಕೆ ಕಾಲು ಗಂಟೆ ಇರುವಾಗ ಗಂಡಿನ ತಮ್ಮ ಬಂದ. ಒಳ್ಳೆಯ ಹುಡುಗ, ಮಾತು ಮೆಲ್ಲಗೆ.

"ಆಂಟಿ, ಮಾವ ಅಲ್ಲಿಂದ ಏಳಕ್ಕೆ ಬಿಟ್ರು ಅಂದ್ರಲ್ಲ, ಅದು ನಮ್ಮ ಏಳಾ, ಅಲ್ಲೀದಾ?"

"ಏಳು ಅಂದ್ರೆ ಏಳು ಕಣಪ್ಪ, ಇಲ್ಲಿ ಗಡಿಯಾರ ನೋಡೇ ಹೇಳಿದ್ದು. ಅಲ್ಲೀದೇನು ಇಲ್ಲೀದೇನು?"

"ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ ಆಂಟಿ. ಅದಕ್ಕೇ ಟಿಕೆಟ್‌ನಲ್ಲಿ ಎರಡೇ ಗಂಟೆ ಥರ ಕಾಣುತ್ತೆ. ಹಾರೋದು ನಾಲ್ಕೂವರೆ ಗಂಟೆ. ಅವರು ಇಳಿಯೋದೇ ಹನ್ನೊಂದೂವರೆ ಮೇಲಾಗುತ್ತೆ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಹುಡುಗನ ಮೇಲೇ ಹರಿಹಾಯ್ದೆ. ಒಂದೇ ಸೂರ್ಯ, ಒಂದೇ ಬೆಳಗು, ಗಡಿಯಾರ ಹೇಗಪ್ಪ ಬೇರೆ ಆಗುತ್ತೆ, ಹಾಗಾದರೆ ಇಲ್ಲಿಂದ ಅಲ್ಲಿಗೆ ಹೋಗುವಾಗ ಎಷ್ಟು ಅಂತ ಕೇಳಿದೆ. "ಹೋಗುವಾಗ ಏಳು ಗಂಟೆ ಥರ ಕಾಣುತ್ತೆ ಆಂಟಿ" ಅಂದ. ಹೋಗಲು ಏಳು, ಬರಲು ಎರಡು, ನಡುವೆ ಹಾರುವುದು ನಾಲ್ಕೂವರೆ. ನನಗೆ ತಲೆ ಗಿರ್ ಅಂದಿತು. ಈಗ ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಅವತ್ತು ಗೊತ್ತಿರಲಿಲ್ಲ, ಅಷ್ಟೇ.

ಪುರೋಹಿತರು ಬಂದು, "ತಾಯಿ, ಲಗ್ನ ಮೀರಿಸೋಕಾಗಲ್ಲ. ಇನ್ಯಾರಾದ್ರೂ ಅಣ್ಣತಮ್ಮನ ವರಸೆಯೋರು ಇದ್ರೆ ಕರೀರಿ" ಅಂದರು. ಬೀಗಿತ್ತಿ ಸೆರಗು ಸರಿಮಾಡಿಕೊಂಡು ಗಡಿಯಾರ ನೋಡಿದರು. ನಾನು ಹೆಣ್ಣಿನ ಕೋಣೆಗೆ ಹೋಗಿ ಮಗಳಿಗೆ, ಮಾವ ಬರುವುದಕ್ಕೆ ಆಗುವುದಿಲ್ಲ, ನಿನ್ನ ಚಿಕ್ಕಪ್ಪನೇ ಕರೆದುಕೊಂಡು ಹೋಗಿ ಎಲ್ಲ ಮಾಡಲಿ ಅಂದೆ. ಅವಳು ಅಳಲಿಲ್ಲ. "ಇನ್ನೊಂದು ಹತ್ತು ನಿಮಿಷ ನೋಡಮ್ಮ" ಅಂದಳು. ಹತ್ತು ನಿಮಿಷದಲ್ಲಿ ಸಮುದ್ರ ದಾಟಿ ಬರುತ್ತಾನಾ ಅಂತ ಬೈದು, ಕಾಲುಂಗುರದ ತಟ್ಟೆ ಹಿಡಿದು ಹೊರಗೆ ಬಂದೆ.

ಅಲ್ಲಿ ರಾಜು ನಿಂತಿದ್ದ.

ಮುಂದಿನ ಬಾಗಿಲಲ್ಲಲ್ಲ. ಊಟದ ಹಾಲಿಗೆ ಇಳಿಯುವ ಮೆಟ್ಟಿಲ ಹತ್ತಿರ, ಕೈ ತೊಳೆಯುವ ನಲ್ಲಿಗಳಿವೆಯಲ್ಲ, ಆ ಕಡೆಯಿಂದ ಬಂದವನ ಹಾಗೆ. ತೆಳು ಹಸಿರು ಅಂಗಿ, ಸಣ್ಣ ಗೆರೆಯದು, ನಾನು ಅದುವರೆಗೆ ನೋಡಿಲ್ಲದ್ದು. ನಾನು ಅಂಗಿ ನೋಡದೆ ಮನುಷ್ಯರನ್ನು ನೋಡುವವಳಲ್ಲ, ಇಷ್ಟು ವರ್ಷದ ಅಭ್ಯಾಸ. ಬೆನ್ನೆಲ್ಲ ಕೂತು ಕೂತು ಮುದ್ದೆಯಾಗಿತ್ತು. ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಸುಕ್ಕು, ಬಟ್ಟೆಯ ಮೇಲೆ ಪಟ್ಟಿ ಬಿಗಿದ ಹಾಗೆ. ವಿಮಾನದಲ್ಲಿ ಕೂತವರಿಗೆ ಪಟ್ಟಿ ಕಟ್ಟುತ್ತಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಕಿವಿಯಲ್ಲಿ ಬೆರಳಿಟ್ಟು ದವಡೆ ಆಡಿಸುತ್ತಿದ್ದ, ಕಿವಿಗೆ ನೀರು ಹೋದವನ ಹಾಗೆ.

ನನಗೆ ಭಯವಾಗಲಿಲ್ಲ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಭಯ, ನಡುಕ, ಯಾವುದೂ ಇಲ್ಲ. ಆ ಹುಡುಗನ ಲೆಕ್ಕವೇ ತಪ್ಪು, ನನ್ನದೇ ಸರಿ ಅನ್ನಿಸಿತು. ಖುಷಿಗಿಂತ ಹೆಚ್ಚಾಗಿ ಗೆದ್ದ ಹಾಗಾಯಿತು. ಛತ್ರಕ್ಕೆಲ್ಲ ಕೇಳುವ ಹಾಗೆ ಕೂಗಿದೆ. "ರಾಜು ಬಂದ! ನನ್ನ ತಮ್ಮ ಬಂದ! ಓಲಗದೋರಿಗೆ ಹೇಳ್ರೋ!"

ಆಮೇಲೆ ಅವನಿಗೆ, "ಬ್ಯಾಗೆಲ್ಲೋ?" ಅಂದೆ.

"ಬರ್ತದೆ ಅಕ್ಕಯ್ಯ. ಮೊದ್ಲು ಮಗೂನ ಕರ್ಕೊಂಡ್ಬಾ" ಅಂದ.

ಅಷ್ಟೇ ಮಾತು. ತಟ್ಟೆ ಅವನ ಕೈಗೆ ಕೊಟ್ಟೆ. ಬೆರಳಿಗೆ ಬೆರಳು ತಾಗಲಿಲ್ಲ, ತಟ್ಟೆಯ ಆ ಅಂಚು ಅವನು ಹಿಡಿದ, ಈ ಅಂಚು ನಾನು ಬಿಟ್ಟೆ. ಮುಟ್ಟಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಮಗಳನ್ನು ಕರೆತಂದರು. ಅವನು ಅವಳ ತೋಳು ಹಿಡಿದು ಮಂಟಪಕ್ಕೆ ನಡೆಸಿಕೊಂಡು ಹೋದ. ಗಂಡ ಸತ್ತವಳು ಮಂಟಪ ಹತ್ತಬಾರದು ಅಂತ ನಮ್ಮ ಹಿರಿಯರ ಹಟ, ನಾನು ಕೆಳಗೇ ನಿಂತೆ. ಅಂತರಪಟ ಹಿಡಿದರು, ತಾಳಿ ಕಟ್ಟಿಸಿದರು, ಮೈದುನ ಮತ್ತು ಅವನ ಹೆಂಡತಿ ಧಾರೆ ಎರೆದರು. ಆಮೇಲೆ ರಾಜು ಕೆಳಗೆ ಕುಕ್ಕರುಗಾಲಲ್ಲಿ ಕೂತು, ಪವಿತ್ರಾಳ ಪಾದ ಕಲ್ಲಿನ ಮೇಲಿಟ್ಟು, ಕಾಲುಂಗುರ ಹಾಕಿದ. ಎಡಗಾಲಿನದು ಸುಲಭವಾಗಿ ಹೋಯಿತು, ಬಲಗಾಲಿನದು ಬಿಗಿಯಾಯಿತು. ಅವಳು ಮುಖ ಕಿವುಚಿದ್ದನ್ನು ನಾನು ಕೆಳಗಿನಿಂದಲೇ ನೋಡಿದೆ. ಅವನು ಏನೋ ಹೇಳಿದ. ಓಲಗದ ಗಲಾಟೆಯಲ್ಲಿ ನನಗೆ ಕೇಳಲಿಲ್ಲ.

ಅಕ್ಷತೆ ಬಿತ್ತು. ನಾನು ಊಟದ ವ್ಯವಸ್ಥೆ ನೋಡಲು ಕೆಳಗಿಳಿದೆ. ಮೇಲೆ ಬಂದಾಗ ರಾಜು ಇರಲಿಲ್ಲ. ಕೈ ತೊಳೆಯಲು ಹೋದರು ಅಂತ ಯಾರೋ ಅಂದರು. ಹಸಿದಿರುತ್ತಾನೆ, ಮೊದಲ ಪಂಕ್ತಿಗೇ ಕೂತಿರುತ್ತಾನೆ ಅಂದುಕೊಂಡು ನಾನು ನನ್ನ ಪಾಡಿಗೆ ಓಡಾಡುತ್ತಿದ್ದೆ.

ಹನ್ನೆರಡು ದಾಟಿರಬೇಕು. ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು.

"ಅಕ್ಕಯ್ಯ, ಈಗ ಆಚೆ ಬಂದೆ. ಬ್ಯಾಗ್ ಬರೋದು ತಡವಾಯ್ತು. ಲಗ್ನ ಮುಗೀತಾ?"

"ಎಲ್ಲಿಂದ ಆಚೆ ಬಂದೆ?" ಅಂದೆ.

"ಏರ್‌ಪೋರ್ಟಿಂದ ಇನ್ನೆಲ್ಲಿಂದ? ಹೇಳು, ಮುಗೀತಾ?"

ನಾನು ಊಟದ ಹಾಲಿನಲ್ಲಿ ಒಂದೊಂದು ಸಾಲೂ ನೋಡಿದೆ. ಮಗ್ಗುಲ ಕೋಣೆಗಳನ್ನೂ ಹಿಂದಿನ ಅಡಿಗೆಮನೆಯನ್ನೂ ನೋಡಿದೆ. ಹಸಿರು ಅಂಗಿಯವನು ಎಲ್ಲೂ ಇರಲಿಲ್ಲ. ನನಗೆ ಹೆದರಿಕೆ ಶುರುವಾದದ್ದು ಆಗಲೇ, ಅದಕ್ಕೂ ಮುಂಚೆ ಅಲ್ಲ.

ಒಂದು ಗಂಟೆಯ ಮೇಲೆ ಅವನು ಟ್ಯಾಕ್ಸಿಯಿಂದ ಇಳಿದ. ಮೈಮೇಲೆ ಒಂದು ಸ್ವೆಟರು, ಕೈಯಲ್ಲಿ ದೊಡ್ಡ ಬ್ಯಾಗು. ಹೊಸಿಲ ಹತ್ತಿರ ನಿಂತಿದ್ದ ಬೀಗಿತ್ತಿ ನಕ್ಕು, "ಆಗಲೇ ಬಂದಿದ್ರಲ್ಲರೀ, ಮತ್ತೆ ಎಲ್ಲಿಗೆ ಹೋಗಿದ್ರಿ? ಊಟಾನೂ ಮಾಡ್ದಂಗ" ಅಂದರು. ಅವರು ಬೇರೆ ಯಾರನ್ನೋ ಮಾತಾಡಿಸುತ್ತಿದ್ದಾರೆ ಅಂದುಕೊಂಡು ರಾಜು ಹಿಂದೆ ತಿರುಗಿ ನೋಡಿದ. ಸೆಕೆಗೆ ಸ್ವೆಟರು ತೆಗೆದ. ಒಳಗೆ ತೆಳು ಹಸಿರು ಅಂಗಿ, ಸಣ್ಣ ಗೆರೆಯದು. ಬೆನ್ನು ಮುದ್ದೆ. ಹೊಟ್ಟೆಯ ಮೇಲೆ ಅಡ್ಡ ಸುಕ್ಕು.

ಅವನು ನೇರ ಹೋಗಿ ಪವಿತ್ರಾಳ ಮುಂದೆ ನಿಂತು ಅವಳ ಕಾಲು ನೋಡಿದ. ಕಾಲುಂಗುರ ನೋಡಿದ.

"ಯಾರು ಹಾಕಿದ್ರು?"

ಅವಳು ನಕ್ಕಳು, ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು. "ನೀನೇ ಹಾಕಿದ್ಯಲ್ಲ ಮಾವ. ಬಲಗಾಲಿಂದು ಇನ್ನೂ ನೋಯ್ತಿದೆ."

ಅವನು ನನ್ನ ಕಡೆ ತಿರುಗಿದ. ನಾನೂ ಅದನ್ನೇ ಹೇಳಿದೆ. ಬೇರೆ ಏನು ಹೇಳಲಿ? ನಡೆದದ್ದು ಅದೇ.

"ಕಾಯಕ್ಕಾಗ್ಲಿಲ್ಲ, ಲಗ್ನ ಮೀರ್ತಿತ್ತು, ಬೇರೆ ಯಾರ ಕೈಲೋ ಹಾಕಿಸ್ದೆ ಅಂತ ಹೇಳು ಅಕ್ಕಯ್ಯ. ನಂಗೇನು ಅರ್ಥ ಆಗಲ್ವಾ? ನಾನು ಕೋಪ ಮಾಡ್ಕೊಳ್ಳಲ್ಲ. ಆದ್ರೆ ಇಡೀ ಛತ್ರಾನೇ ಸೇರಿಸ್ಕೊಂಡು ನನ್ನ ಗೇಲಿ ಮಾಡ್ಬೇಡ." ಇಷ್ಟು ಹೇಳಿ, ಊಟ ಮಾಡದೆ, ತಂದಿದ್ದ ಸೀರೆ ಮಗಳ ಮಡಿಲಿಗೆ ಹಾಕಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಮನುಷ್ಯ ಅತ್ತರೆ ಸಮಾಧಾನ ಮಾಡಬಹುದು. ಅವನು ಸುಮ್ಮನೆ ಎದುರಿನ ಟೈರ್ ಅಂಗಡಿ ನೋಡುತ್ತ ಕೂತಿದ್ದ.

ಆಮೇಲಿನದು ನನ್ನ ಪಡಿಪಾಟಲು. ಅವನಿಗೆ ಹೇಗಾದರೂ ತೋರಿಸಿಕೊಡಬೇಕು ಅಂತ ನಾನು ಮಾಡದ ವಿಚಾರಣೆ ಇಲ್ಲ. ಫೋಟೋದವನು ಶಿವಾಜಿನಗರದ ಸಾಬರ ಹುಡುಗ, ಕೆಲಸ ಅಚ್ಚುಕಟ್ಟು. ಅವನು ಕೊಟ್ಟ ಆಲ್ಬಮ್ಮಿನಲ್ಲಿ ಬಾಯಿಗೆ ಹೋಳಿಗೆ ಇಟ್ಟುಕೊಂಡವರ ಫೋಟೋ ರಾಶಿ ರಾಶಿ ಇದೆ. ನನ್ನ ಬೀಗರ ಅತ್ತೆ ತೂಕಡಿಸುವುದೂ ಇದೆ. ಹೆಣ್ಣು ಮಂಟಪಕ್ಕೆ ಬರುವಾಗ ಅವನು ಗಂಡಿನ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದಾನೆ. ಕಾಲುಂಗುರದ ಹೊತ್ತಿಗೆ ತೆಗೆದ ಒಂದೇ ಒಂದು ಚಿತ್ರದಲ್ಲಿ ಪವಿತ್ರಾಳ ಪಾದ ಇದೆ, ಒಂದು ಕೈ ಇದೆ, ಮೊಣಕೈಯವರೆಗೆ ಹಸಿರು ತೋಳು ಇದೆ. ಮೇಲೆಲ್ಲ ಹೋಮದ ಹೊಗೆ. "ಮುಖ ಎಲ್ಲಪ್ಪ?" ಅಂದರೆ, "ಅಮ್ಮಾ, ಕಾಲುಂಗುರದ್ದು ಕ್ಲೋಸಪ್ ಹೀಗೇ ತೆಗೆಯೋದು. ಮಾವನ ಮುಖ ಬೇಕು ಅಂತ ಯಾರೂ ಕೇಳಲ್ಲಮ್ಮ" ಅಂದ. ವಿಡಿಯೋದವನಿಗೆ ಆಗಲೇ ಬ್ಯಾಟರಿ ಹೋಗಿತ್ತಂತೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮೈದುನನನ್ನು ಕೇಳಿದೆ. ಅವನು ರಾಜುವನ್ನು ಚಿಕ್ಕಂದಿನಿಂದ ಬಲ್ಲವನು. "ಹೊಗೆ ಕಣ್ಣಿಗೆ ತುಂಬಿತ್ತು ಅತ್ತಿಗೆ. ಯಾರೋ ಪಕ್ಕದಲ್ಲಿದ್ರು. ರಾಜು ಬಂದ ಅಂತ ನೀವೇ ಕೂಗಿದ್ರಲ್ಲ, ರಾಜು ಅಂದ್ಕೊಂಡೆ" ಅಂದ. ಎಲ್ಲರದೂ ಇದೇ ಹಾಡು. ನಾನು ಕೂಗಿದೆ, ಅದಕ್ಕೆ ಅವರು ನೋಡಿದರು. ಬೀಗರ ಕಡೆಯವರು ನೋಡಿದ್ದೇವೆ ಅನ್ನುತ್ತಾರೆ, ಆದರೆ ಅವರು ಮುಂಚೆ ಅವನನ್ನು ನೋಡಿದವರೇ ಅಲ್ಲ. ಪವಿತ್ರಾ ತಲೆ ಬಗ್ಗಿಸಿದ್ದಳು, ಅವಳು ಕಂಡದ್ದು ಕೈ ಮಾತ್ರ. ಕೈ ತುಂಬಾ ತಣ್ಣಗಿತ್ತು ಅನ್ನುತ್ತಾಳೆ. ಉಂಗುರ ಬಿಗಿಯಾದಾಗ ಆ ಮನುಷ್ಯ ಏನಂದ ಅಂತ ಕೇಳಿದರೆ, "ಆಯ್ತಾಯ್ತು, ಆಯ್ತಾಯ್ತು ಅಂದ. ಇನ್ನೇನಂತಾನೆ ಮಾವ?" ಅನ್ನುತ್ತಾಳೆ. ಅದನ್ನು ರಾಜುವಿಗೆ ಹೇಳಿದರೆ, "ಎಲ್ಲಾ ಮಾವಂದಿರೂ ಹಂಗೇ ಅಂತಾರೆ" ಅಂದ. ಅಂಗಿಯ ವಿಷಯ ಹೇಳಿದೆ. "ನಾನು ಬಂದ್ಮೇಲೆ ಅಂಗಿ ನೋಡಿ, ಈಗ ಅವನಿಗೂ ತೊಡಿಸ್ತಿದ್ದೀಯ" ಅಂದ. ಫೋಟೋದ ಹಸಿರು ತೋಳು ತೋರಿಸಿದರೆ, "ಹಸಿರು ಅಂಗಿ ನನ್ನೊಬ್ಬನ ಹತ್ರಾನೇ ಇರೋದಾ?" ಅಂದ. ಛತ್ರಗಳಲ್ಲಿ ಊಟಕ್ಕೆಂದು ಯಾರು ಯಾರೋ ನುಗ್ಗುತ್ತಾರೆ, ಅಂಥ ಒಬ್ಬನನ್ನು ನೀನು ಗಾಬರಿಯಲ್ಲಿ ಹಿಡಿದು ಮಂಟಪ ಹತ್ತಿಸಿದ್ದೀಯ ಅಂತಲೂ ಒಮ್ಮೆ ಅಂದ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನ ಮುಖ ನನಗೆ ಗೊತ್ತಾಗುವುದಿಲ್ಲವಾ?

ವಿಮಾನದಲ್ಲಿ ಆ ಹೊತ್ತಿಗೆ ಏನು ಮಾಡುತ್ತಿದ್ದೆ ಅಂತ ಅವನನ್ನೇ ಕೇಳಿದೆ. ಕಿಟಕಿ ಪಕ್ಕ ಕೂತಿದ್ದನಂತೆ. ಕೆಳಗೆ ಬರೀ ನೀರು. ಇಲ್ಲಿಯ ಲೆಕ್ಕದಲ್ಲಿ ಹತ್ತು ಗಂಟೆ ಆಯಿತು, ಮುಗಿಯಿತು, ಇನ್ನು ಆಗುವುದಿಲ್ಲ ಅಂತ ಗೊತ್ತಾಗಿ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದನಂತೆ. ನಿದ್ದೆ ಬಂತಾ ಅಂದೆ. ನೆನಪಿಲ್ಲ ಅಂದ. ಕನಸು ಕಂಡೆಯಾ ಅಂದೆ. "ಕನಸಲ್ಲಿ ಕಾಲುಂಗುರ ಹಾಕಕ್ಕಾಗತ್ತಾ?" ಅಂತ ಎದ್ದು ಹೋದ.

ಈ ರೀತಿ ವರ್ಷಗಳು ಹೋದವು. ಮಗಳಿಗೆ ಮಗುವಾಯಿತು. ರಾಜು ಸಿಂಗಾಪುರ ಬಿಟ್ಟು ಪೂರ್ತಿ ವಾಪಸು ಬಂದ. ನಮ್ಮ ಮನೆಯಲ್ಲಿ ಇರು ಅಂದರೆ ಇರಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಾನೆ. ಎಲ್ಲ ಮಾತಾಡುತ್ತಾನೆ, ಮೆಟ್ರೋ ಬಗ್ಗೆ, ನೀರಿನ ಬಗ್ಗೆ, ಮೊಮ್ಮಗಳ ಬಗ್ಗೆ. ಏಳುವ ಮುಂಚೆ ಮಾತ್ರ, "ಈಗಾದ್ರೂ ಹೇಳ್ತೀಯಾ, ಯಾರು ಅವನು?" ಅನ್ನುತ್ತಾನೆ. "ನೀನೇ ಕಣೋ" ಅನ್ನುತ್ತೇನೆ. ತಟ್ಟೆಯಲ್ಲಿ ಕೈ ತೊಳೆದುಕೊಂಡು ಹೊರಟುಬಿಡುತ್ತಾನೆ. ಒಂದೊಂದು ಸಲ ಮುಂದಿನ ಭಾನುವಾರ ಬರುವುದಿಲ್ಲ. ನಿಜ ಹೇಳಿ ಹೇಳಿ ತಮ್ಮನನ್ನು ಕಳೆದುಕೊಳ್ಳುವ ಹಣೆಬರಹ ಯಾರಿಗಾದರೂ ಇದೆಯಾ, ನನಗೆ ಗೊತ್ತಿಲ್ಲ.

ಹೋದ ವರ್ಷ ಒಂದು ಭಾನುವಾರ. ಸೊಪ್ಪಿನ ಸಾರು, ಮುದ್ದೆ ಮಾಡಿದ್ದೆ. ಅವನಿಗೂ ವಯಸ್ಸಾಗಿದೆ, ವೆಲ್ಡಿಂಗ್ ಬೆಂಕಿ ನೋಡಿ ನೋಡಿ ಕಣ್ಣು ಹಾಳಾಗಿದೆ. ಮುದ್ದೆ ಮುರಿಯುತ್ತ, ತಲೆ ಎತ್ತದೆ, ಅದೇ ಪ್ರಶ್ನೆ ಕೇಳಿದ. ನನಗೆ ಸಾಕಾಗಿಹೋಗಿತ್ತು. ಯಾವುದೋ ಒಂದು ಹೆಸರು ಹೇಳಿದರೆ ಈ ಮನುಷ್ಯನಿಗೆ ಸಮಾಧಾನ ಆಗುತ್ತದೆ, ನನಗೂ ಭಾನುವಾರ ನೆಮ್ಮದಿಯಾಗಿ ಹೋಗುತ್ತದೆ ಅನ್ನಿಸಿತು. ಈಚೆಗೆ ಸತ್ತವರ ಹೆಸರಾದರೆ ಹೋಗಿ ಕೇಳಲು ಆಗುವುದಿಲ್ಲ.

"ನಮ್ಮ ದೊಡ್ಡಪ್ಪನ ಮಗ ಕೃಷ್ಣಪ್ಪ" ಅಂದೆ. "ಅವನೇ ಹಾಕಿದ್ದು. ಲಗ್ನ ಮೀರ್ತಿತ್ತು. ನಿಂಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

ಅವನು ತಲೆ ಎತ್ತಿದ. ನನ್ನನ್ನು ನೋಡಿದ.

"ಸುಳ್ಳು" ಅಂದ.

"ಸುಳ್ಳು ಯಾಕೆ ಹೇಳ್ಲಿ?"

"ಗೊತ್ತಾಗತ್ತೆ ಅಕ್ಕಯ್ಯ. ನೀನು ಸುಳ್ಳು ಹೇಳ್ದಾಗ ಕೆಳತುಟಿ ಒಳಗೆ ಎಳ್ಕೋತೀಯ. ಅಮ್ಮ ಸತ್ತಾಗ, ಊರಿಗೆ ಹೋಗಿದಾಳೆ, ಬರ್ತಾಳೆ ಅಂತ ನಂಗೆ ಹೇಳಿದ್ಯಲ್ಲ, ಆವಾಗ್ಲೂ ಹಿಂಗೇ..."

ಹೇಳುತ್ತ ಹೇಳುತ್ತ ಅವನ ಮಾತು ನಿಂತಿತು. ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಇಳಿಯಿತು. ಅವನು ಏನು ಲೆಕ್ಕ ಹಾಕುತ್ತಿದ್ದಾನೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಇಷ್ಟು ವರ್ಷ, ಅಷ್ಟು ಭಾನುವಾರ, "ನೀನೇ ಕಣೋ" ಅಂದಾಗಲೆಲ್ಲ ಅವನು ಈ ಮುಖವನ್ನೇ ನೋಡುತ್ತಿದ್ದ, ತುಟಿ ಒಮ್ಮೆಯೂ ಒಳಗೆ ಹೋಗಿರಲಿಲ್ಲ.

"ಹಂಗಾದ್ರೆ ನೀನು..." ಅಂದ.

"ಅದನ್ನೇ ಬಡ್ಕೊಳ್ತಿರೋದು" ಅಂದೆ.

ಅವತ್ತು ಅವನು ಸಂಜೆಯವರೆಗೂ ಹೋಗಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ. ಕಾಫಿ ಕೊಟ್ಟೆ, ಕುಡಿದ. ಹೋಗುವಾಗ ನನ್ನ ಕೈ ಹಿಡಿದುಕೊಂಡು, "ತಪ್ಪಾಯ್ತು ಅಕ್ಕಯ್ಯ" ಅಂದ. ನನಗೆ ಬೇಕಾಗಿದ್ದದ್ದು ಅದೇ. ನಂಬಬೇಕು, ಅಷ್ಟೇ. ಈಗ ಅವನು ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ.

ಆದರೆ ನನ್ನ ಪಾಲಿಗೆ ನೆಮ್ಮದಿ ಬರೆದಿಲ್ಲ ಅಂತ ಕಾಣುತ್ತದೆ. ಮುಂಚೆ ಅವನು ಸಿಟ್ಟಿನಲ್ಲಿ ಕೇಳುತ್ತಿದ್ದ, ಈಗ ಹೆದರಿ ಕೇಳುತ್ತಾನೆ. ಊಟ ಮುಗಿದ ಮೇಲೆ, ದನಿ ತಗ್ಗಿಸಿ, ಒಳಗಿನ ಕೋಣೆಯಲ್ಲಿ ಆಡುತ್ತಿರುವ ಮೊಮ್ಮಗಳಿಗೆ ಕೇಳಿಸದ ಹಾಗೆ ಕೇಳುತ್ತಾನೆ. "ಅಕ್ಕಯ್ಯ, ಇಲ್ಲಿ ಬಂದು ಮಗೂಗೆ ಕಾಲುಂಗುರ ಹಾಕ್ದೋನು ನಾನು ಅಂದ್ರೆ, ಅಲ್ಲಿ ಕಿಟಕಿ ಪಕ್ಕ ಕೂತಿದ್ದೋನು ಯಾರು?"

ಹಳೇ ಪ್ರಶ್ನೆಗಾದರೂ ನನ್ನ ಹತ್ತಿರ ಉತ್ತರ ಇತ್ತು.